ಮಕ್ಕಳಿಲ್ಲದ ಓಣಿ

ಗಾಣದ ಓಣಿಯಲ್ಲಿ ಮಕ್ಕಳೇ ಇಲ್ಲ ಎಂದು ಸರ್ಕಾರವನ್ನು ನಂಬಿಸಿದವಳು ಕೊಟ್ರಬಸಮ್ಮ. ಬಳ್ಳಾರಿಯ ಕಂಟೋನ್ಮೆಂಟಿಗೂ ರೈಲು ಹಳಿಗೂ ನಡುವೆ ಸಿಕ್ಕಿಕೊಂಡಿದ್ದ ಆ ಓಣಿಯಲ್ಲಿ ನೀರಿಗೆ ಬರವಿತ್ತು, ನೆರಳಿಗೆ ಬರವಿತ್ತು, ಮಕ್ಕಳಿಗೆ ಮಾತ್ರ ಯಾವ ಕಾಲದಲ್ಲೂ ಬರವಿರಲಿಲ್ಲ. ಬೆಳಿಗ್ಗೆ ಬಾಗಿಲು ತೆರೆದರೆ ಸಾಕು, ಶೇಂಗಾ ಚೀಲದ ಬಾಯಿ ಬಿಚ್ಚಿದ ಹಾಗೆ ಬೀದಿಗೆ ಉರುಳುತ್ತಿದ್ದವು. ಯಾವುದು ಯಾರ ಮನೆಯಲ್ಲಿ ಉಂಡಿತು, ಯಾವುದು ಯಾರ ಕಟ್ಟೆಯ ಮೇಲೆ ನಿದ್ದೆ ಹೋಯಿತು ಎಂದು ಹೆತ್ತವರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಅಂಥ ಓಣಿಯನ್ನು ಒಂದೇ ಮಧ್ಯಾಹ್ನದಲ್ಲಿ ಬಂಜೆ ಮಾಡಿ ತೋರಿಸಿದಳೆಂದರೆ ಆ ಮುದುಕಿ ಎಂಥ ಗಟ್ಟಿಗಿತ್ತಿ, ನೀವೇ ಯೋಚಿಸಿ.

ಅದು ಎಪ್ಪತ್ತಾರನೆಯ ಇಸವಿಯ ಬೇಸಿಗೆ. ಆ ವರ್ಷ ನಮ್ಮ ಜನಕ್ಕೆ ಬಿಸಿಲಿಗಿಂತ ಜೀಪಿನ ಭಯ ಹೆಚ್ಚಾಗಿತ್ತು. ಮಕ್ಕಳು ಜಾಸ್ತಿ ಇರುವ ಗಂಡಸರನ್ನು ಜೀಪಿಗೆ ಹಾಕಿಕೊಂಡು ಹೋಗಿ, ಆಪರೇಷನ್ ಮಾಡಿ, ಕೈಗೊಂದು ರೇಡಿಯೋ ಕೊಟ್ಟು ಕಳಿಸುತ್ತಾರಂತೆ ಎಂಬ ಸುದ್ದಿ ಗುಂತಕಲ್ಲಿನ ರೈಲಿನಿಂದ ದಿನಕ್ಕೊಂದು ಬಣ್ಣ ಬಳಿದುಕೊಂಡು ಇಳಿಯುತ್ತಿತ್ತು. ಕಣ್ಣಾರೆ ಕಂಡವರು ಯಾರೂ ಇರಲಿಲ್ಲ. ಕಂಡವರನ್ನು ಕಂಡೆವೆನ್ನುವವರು ಮಾತ್ರ ಓಣಿ ತುಂಬ ಇದ್ದರು. ಕೊಟ್ರಬಸಮ್ಮನ ಒಬ್ಬನೇ ಮಗ ಹಾಲಸಿದ್ದಪ್ಪ ಹತ್ತಿ ಅಡತಿ ಅಂಗಡಿಯಲ್ಲಿ ಗುಮಾಸ್ತ. ಅವನಿಗೆ ಐದು ಮಕ್ಕಳು. ಎದುರು ಮನೆಯ ಪಕ್ಕೀರಪ್ಪ ಟಾಂಗಾ ಹೊಡೆಯುವವನು, ಅವನಿಗೆ ಆರು. ದೂರದಲ್ಲಿ ಜೀಪು ಗುರ್ ಎಂದರೆ ಸಾಕು, ಇಬ್ಬರೂ ಹಿತ್ತಲಿನ ಶೇಂಗಾ ಹೊಟ್ಟಿನ ಕೋಣೆಗೆ ನುಗ್ಗುತ್ತಿದ್ದರು. ಹೊರಗೆ ಬರುವಾಗ ಮೀಸೆಯಿಂದ ಹಿಡಿದು ಧೋತರದವರೆಗೆ ಹೊಟ್ಟು ಮೆತ್ತಿಕೊಂಡಿರುತ್ತಿತ್ತು.

ಜೀಪು ಓಣಿಗೆ ಬಂದದ್ದು ಒಂದು ಸುಡುಮಧ್ಯಾಹ್ನ. ಬಂದವರು ಆಸ್ಪತ್ರೆಯವರಲ್ಲ. ಎರಡು ಸಾವಿರನೆಯ ಇಸವಿಗೆ ಬಳ್ಳಾರಿ ಹೇಗಿರಬೇಕು, ಎಲ್ಲಿ ರಸ್ತೆ, ಎಲ್ಲಿ ಶಾಲೆ, ಎಲ್ಲಿ ಗಿಡಮರ ಎಂದು ನಗರ ಯೋಜನೆ ಹಾಕುವುದಕ್ಕೆ ಮನೆ ಮನೆಯ ಲೆಕ್ಕ ತೆಗೆದುಕೊಳ್ಳಲು ಬಂದ ಇಬ್ಬರು ಸಣ್ಣ ನೌಕರರು. ಅದನ್ನು ಅವರು ವಿವರವಾಗಿಯೇ ಹೇಳಿದರು. ಆದರೆ ಹೇಳಿ ಮುಗಿಸಿದ ಮೇಲೆ ಕೇಳಿದ ಮೊದಲ ಪ್ರಶ್ನೆ "ಮಕ್ಕಳೆಷ್ಟು?" ಎಂದು. ಆ ಪ್ರಶ್ನೆ ಕಿವಿಗೆ ಬಿದ್ದ ಮೇಲೆ ಅದರ ಹಿಂದಿನದು ಯಾರಿಗೆ ನೆನಪಿರುತ್ತದೆ?

ಅಷ್ಟರಲ್ಲಿ ಕೊಟ್ರಬಸಮ್ಮ ತನ್ನ ವ್ಯವಸ್ಥೆ ಮುಗಿಸಿದ್ದಳು. ದೊಡ್ಡ ಮಕ್ಕಳನ್ನು ಏಣಿ ಹತ್ತಿಸಿ ಮಾಳಿಗೆಗಳ ಮೇಲೆ ಹಪ್ಪಳ ಒಣಗಲು ಹಾಕಿದ ಹಾಗೆ ಮಲಗಿಸಿದ್ದಳು. ಒಂದಿಷ್ಟು ಮಕ್ಕಳು ಹಿಂದಿನ ವಾರವೇ ಸಿರಿಗೇರಿಯ ನೆಂಟರ ಮನೆ ಸೇರಿದ್ದವು. ಸಿಕ್ಕಿಬಿದ್ದರೆ ಏನು ಹೇಳಬೇಕೆಂಬುದನ್ನೂ ಬಾಯಿಪಾಠ ಮಾಡಿಸಿದ್ದಳು: ಅಪ್ಪ ಯಾರು ಎಂದು ಯಾರು ಕೇಳಿದರೂ, ಅಪ್ಪ ಇಲ್ಲ ಎನ್ನಬೇಕು.

"ಅಜ್ಜೀ, ಮನೇಲಿ ಮಕ್ಕಳೆಷ್ಟು?" ಎಂದ ನೌಕರ.

"ಒಬ್ಬಾವ ಮಗ ಅದಾನ. ಅದೂ ದಂಡ."

"ಮೊಮ್ಮಕ್ಕಳು?"

"ದೇವ್ರು ಕಣ್ಣು ತೆರೀಲಿಲ್ಲಪ್ಪ."

ನೌಕರ ತಲೆ ಎತ್ತಿ ಅಂಗಳದ ಹಗ್ಗ ನೋಡಿದ. ಗೇಣುದ್ದದ ಲಂಗಗಳು, ಮೊಳದುದ್ದದ ಅಂಗಿಗಳು ಸಾಲಾಗಿ ಒಣಗುತ್ತಿದ್ದವು. "ಇವು ಯಾರವು ಹಂಗಾದ್ರೆ?"

"ನಮ್ಮವಽ. ಗಿರಣಿ ಬಟ್ಟಿ ನೋಡಪಾ, ಒಗದ್ರ ಹಿಂಗ ಕುಗ್ಗತೈತಿ."

ಒಳಗೆ ತೊಟ್ಟಿಲಿನಲ್ಲಿದ್ದ ಕೊನೆಯ ಕೂಸು ಅದೇ ಹೊತ್ತಿಗೆ ಎದ್ದು ಅಳತೊಡಗಿತು. ಬೆಕ್ಕು ಮರಿ ಹಾಕಿದೆ ಎಂದಳು ಮುದುಕಿ. ಬೆಕ್ಕಿನ ಮರಿ "ಅವ್ವಾ" ಅನ್ನುತ್ತಿದೆಯಲ್ಲ ಎಂದ ನೌಕರ.

"ನಮ್ಮನ್ಯಾಗ ಹುಟ್ಟಿದ್ದಪ್ಪ, ಕನ್ನಡ ಬರತೈತಿ."

ಬಿಸಿಲಿಗೆ ತಲೆ ಕಾದಿದ್ದ ಆ ನೌಕರ ಅವಳೊಡನೆ ವಾದಕ್ಕೆ ನಿಲ್ಲಲಿಲ್ಲ. ಅವಳು ಕೊಟ್ಟ ಮಜ್ಜಿಗೆ ಕುಡಿದು, ಅವಳು ಹೇಳಿದ್ದನ್ನೇ ಬರೆದುಕೊಂಡು ಮುಂದಿನ ಮನೆಗೆ ಹೋದ. ಮುಂದಿನ ಮನೆಯಲ್ಲೂ ಅದೇ ಉತ್ತರ, ಅದರ ಮುಂದಿನ ಮನೆಯಲ್ಲೂ ಅದೇ. ಜೀಪು ಮರೆಯಾದ ಮೇಲೆ ಮಾಳಿಗೆಯಿಂದ ಇಳಿದ ಮಕ್ಕಳ ಬೆನ್ನಿಗೆ ಕೊಬ್ಬರಿ ಎಣ್ಣೆ ಹಚ್ಚುತ್ತಾ ಇಡೀ ಓಣಿ ಕೊಟ್ರಬಸಮ್ಮನನ್ನು ಹೊಗಳಿತು. ಅವಳೂ ಸಂಕೋಚವಿಲ್ಲದೆ ಹೊಗಳಿಸಿಕೊಂಡಳು. ಬೇಡ ಅನ್ನುವ ಜಾಯಮಾನ ಅವಳದಲ್ಲ.

ಆದರೆ ಅದೇ ಕೊಟ್ರಬಸಮ್ಮನಿಗೆ ಒಂದು ಚಿಂತೆ ಎದೆ ಕೊರೆಯುತ್ತಿತ್ತು. ಮಗನ ಹಿರಿಯ ಮಗಳು ವಿರೂಪಮ್ಮ, ಎಲ್ಲರ ಬಾಯಲ್ಲಿ ವಿರೂಪಿ, ನಾಲ್ಕನೆಯ ಇಯತ್ತೆ ಪಾಸಾಗಿ ಮನೆಯಲ್ಲಿ ಕೂತಿದ್ದಳು. ಶಾಲೆ ಇದ್ದದ್ದು ರೈಲು ಹಳಿಯ ಆಚೆಗೆ. ಹಳಿಯ ಮೇಲೆ ಗೂಡ್ಸ್ ಗಾಡಿ ನಿಂತರೆ ಗಂಟೆಗಟ್ಟಲೆ ನಿಲ್ಲುತ್ತಿತ್ತು. ಶಾಲೆಗೆ ಹೊತ್ತಾಯಿತೆಂದು ಮಕ್ಕಳು ಡಬ್ಬಿಗಳ ಕೆಳಗೆ ನುಸುಳುತ್ತಿದ್ದರು. ಒಂದು ದಿನ ವಿರೂಪಿ ನುಸುಳುವಾಗ ಗಾಡಿ ಅಲುಗಿತು. ಹುಡುಗಿ ಆಚೆ ಬಿದ್ದಳು, ಹಲಗೆ ಪಾಟಿ ಚಕ್ರದಡಿ ಪುಡಿಯಾಯಿತು. ಅಂದಿನಿಂದ ಓಣಿಯ ಹೆಣ್ಣುಮಕ್ಕಳು ಶಾಲೆಗೆ ಹೋಗುವುದು ಬಂದ್ ಆಯಿತು. ವಿರೂಪಿಯನ್ನು ಕುರುಗೋಡಿಗೆ ಕಳಿಸಿರಿ, ಎಮ್ಮೆ ಕಾಯ್ದುಕೊಂಡು ಇರಲಿ, ಮುಂದೆ ಹೇಗೂ ನಾನೇ ಲಗ್ನ ಮಾಡಿಕೊಳ್ಳುವವನು ಎಂದು ಅವಳ ಸೋದರಮಾವ ಹೇಳಿ ಕಳಿಸಿದ್ದ. ಅವನಿಗೆ ಆಗಲೇ ಮೀಸೆ ದಪ್ಪವಾಗಿತ್ತು.

ಹುಡುಗಿಗೆ ಓದೆಂದರೆ ಹಸಿವು. ಸಕ್ಕರೆ ಕಟ್ಟಿದ ಕಾಗದ ಬಿಡುತ್ತಿರಲಿಲ್ಲ, ಟಾಂಗಾದ ಹಿಂದೆ ಬರೆದದ್ದು ಬಿಡುತ್ತಿರಲಿಲ್ಲ. ಅಕ್ಷರ ಬಾರದ ಕೊಟ್ರಬಸಮ್ಮ ಆ ಓದನ್ನು ಬಾಯಿ ತೆರೆದು ಕೇಳುತ್ತಿದ್ದಳು. ಓಣಿಯ ಪಕ್ಕದಲ್ಲಿ ಸರ್ಕಾರದ ಬಯಲೊಂದಿತ್ತು, ತುಂಬ ಜಾಲಿಯ ಪೊದೆ. ಹೊರಗಿನವರು ಅದನ್ನು ಬಳ್ಳಾರಿ ಜಾಲಿ ಎಂದು ಕರೆದು ಆ ಮುಳ್ಳಿಗೆ ನಮ್ಮ ಊರಿನ ಹೆಸರು ಅಂಟಿಸಿದ್ದಾರೆ. ನಾವು ಸರ್ಕಾರಿ ಜಾಲಿ ಎಂದು ಅದನ್ನು ಸರ್ಕಾರದ ತಲೆಗೇ ಕಟ್ಟುತ್ತೇವೆ. ಆ ಬಯಲಿನಲ್ಲಿ ಒಂದು ಶಾಲೆ ಆಗಲಿ ಎಂದು ಓಣಿಯವರು ವರ್ಷಗಳಿಂದ ಬೇಡುತ್ತಿದ್ದರು. ಅದಾಗುವವರೆಗೆ ಕುರುಗೋಡಿನ ಮಾತೆತ್ತಬಾರದು ಎಂದು ಕೊಟ್ರಬಸಮ್ಮ ಸೊಸೆಗೆ ಕಟ್ಟಪ್ಪಣೆ ಮಾಡಿದ್ದಳು.

ದೀಪಾವಳಿ ಕಳೆದು ಚಳಿ ಬಿದ್ದಾಗ ಸುದ್ದಿ ಬಂತು. ಎರಡು ಸಾವಿರನೆಯ ಇಸವಿಯ ಬಳ್ಳಾರಿಯ ನಕ್ಷೆ ಸಿದ್ಧವಾಗಿದೆ, ನಗರಸಭೆಯ ಗೋಡೆಗೆ ತೂಗು ಹಾಕಿದ್ದಾರೆ, ಯಾರು ಬೇಕಾದರೂ ನೋಡಿ ತಕರಾರು ಹೇಳಬಹುದು. ಕೊಟ್ರಬಸಮ್ಮ ಮೊಮ್ಮಗಳ ಕೈ ಹಿಡಿದು, ಪಕ್ಕೀರಪ್ಪನ ಟಾಂಗಾ ಹತ್ತಿ ಹೋದಳು. ಗೋಡೆಯ ತುಂಬ ಬಣ್ಣ. ಮನೆಗಳಿಗೆ ಹಳದಿ, ಅಂಗಡಿಗಳಿಗೆ ಕೆಂಪು, ಉದ್ಯಾನಗಳಿಗೆ ಹಸಿರು. ಹಸಿರು ಎಷ್ಟಿತ್ತೆಂದರೆ ಇದು ಬಳ್ಳಾರಿಯೋ ಬೇರೆ ಯಾವುದಾದರೂ ಊರೋ ಎಂದು ಪಕ್ಕೀರಪ್ಪನಿಗೆ ಅನುಮಾನ ಬಂತು.

ವಿರೂಪಿ ಬೆರಳಿಟ್ಟು ಹುಡುಕಿ ತಮ್ಮ ಓಣಿ ಪತ್ತೆ ಮಾಡಿದಳು. ಬಯಲಿದ್ದ ಜಾಗ ಪೂರ್ತಿ ಹಸಿರಾಗಿತ್ತು. ಪಕ್ಕದಲ್ಲಿ ಸಣ್ಣಕ್ಷರದಲ್ಲಿ ಬರೆದದ್ದನ್ನು ಅವಳು ಅಜ್ಜಿಗೆ ದೊಡ್ಡ ದನಿಯಲ್ಲಿ ಓದಿದಳು. "ಗಾಣದ ಓಣಿ. ಮಕ್ಕಳ ಸಂಖ್ಯೆ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಶಾಲೆಯ ಅಗತ್ಯವಿಲ್ಲ. ವಯೋವೃದ್ಧರ ವಿಹಾರಕ್ಕಾಗಿ ಉದ್ಯಾನ."

ಓದಿ ಮುಗಿಸಿ ಹುಡುಗಿ ಆ ಸಾಲಿನ ಮೇಲೆ ಇನ್ನೊಮ್ಮೆ ಬೆರಳಾಡಿಸಿದಳು. ಆಮೇಲೆ ಕೇಳಿದಳು, "ಅಜ್ಜೀ, ಹಂಗಾರ ನಾನು ಇಲ್ಲೇನು?"

ಕೊಟ್ರಬಸಮ್ಮ ಮೊಮ್ಮಗಳ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಳು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವ ಸರ್ಕಾರವನ್ನು ಜನ ಬೈಯುತ್ತಾರೆ. ಇಲ್ಲಿ ಸರ್ಕಾರ ಕುಲಾವಿ ಹಿಡಿದು ಬಾಗಿಲಿಗೇ ಬಂದಿತ್ತು, ಕೂಸೇ ಹುಟ್ಟಿಲ್ಲ ಎಂದು ಕಳಿಸಿದವಳು ತಾನು. ಮಾಡಿದ್ದುಣ್ಣೋ ಮಹರಾಯ ಎಂಬ ಮಾತನ್ನು ಅವಳು ಬೇರೆಯವರಿಗೆ ಬೇಕಾದಷ್ಟು ಸಲ ಹೇಳಿದ್ದಳು; ತನಗೇ ಹೇಳಿಕೊಳ್ಳುವ ಪ್ರಸಂಗ ಬಂದದ್ದು ಅದೇ ಮೊದಲು.

ಅವಳು ಸೀದಾ ಯೋಜನೆಯ ಅಧಿಕಾರಿ ಚಿದಾನಂದಪ್ಪನವರ ಕೋಣೆಗೆ ನುಗ್ಗಿದಳು. ಅವರು ದಾವಣಗೆರೆ ಕಡೆಯ ಮನುಷ್ಯ. ಬಳ್ಳಾರಿಗೆ ಬಂದ ದಿನದಿಂದ ಛತ್ರಿ ಬಿಟ್ಟು ಹೊರಗೆ ಕಾಲಿಟ್ಟವರಲ್ಲ. ಈ ಊರಿಗೆ ಮೊದಲು ನೆರಳು ಬೇಕು, ಮಿಕ್ಕಿದ್ದೆಲ್ಲ ಆಮೇಲೆ ಎನ್ನುವುದೇ ಅವರ ಮಂತ್ರ. ನಕ್ಷೆಯಲ್ಲಿ ಬೆರಳಗಲ ಖಾಲಿ ಜಾಗ ಸಿಕ್ಕರೂ ಹಸಿರು ಬಳಿಯುತ್ತಿದ್ದರು.

"ಸಾಹೇಬ್ರ, ನಮ್ಮ ಓಣ್ಯಾಗ ಮಕ್ಕಳು ಅದಾವ್ರಿ."

"ಎಷ್ಟು?"

"ಬಾಳ."

"ಯಾರವು?"

ಹಾಲಸಿದ್ದಪ್ಪನವು ಎಂದರೆ ನಾಳೆ ಜೀಪು ಬಂದು ಅವನನ್ನು ಹೊತ್ತೊಯ್ದರೆ? ಅಧಿಕಾರಿ ಕನ್ನಡಕ ಒರೆಸಿಕೊಂಡು ಹೇಳಿದರು, "ತಾಯಿ, ಮಕ್ಕಳಿಲ್ಲ ಅಂತ ಬರೆಸಿದವರು ನೀವೇ. ಬರೋ ಶುಕ್ರವಾರ ತಕರಾರು ಕೇಳ್ತೀವಿ. ಮಕ್ಕಳನ್ನ ಕರ್ಕೊಂಡು ಬನ್ನಿ, ತಂದೆತಾಯಿ ಎದ್ದು ನಿಂತು ನಮ್ಮವು ಅನ್ನಲಿ. ನಕ್ಷೆ ಬದಲಾಯಿಸ್ತೀನಿ. ಇಲ್ಲದಿದ್ರೆ ಗಿಡ ನೆಡೋದಕ್ಕೆ ಗುಂಡಿ ತೋಡಿಸ್ತೀನಿ."

ಅಂದು ಸಂಜೆ ಓಣಿಯ ಗಂಡಸರನ್ನೆಲ್ಲ ಅಂಗಳಕ್ಕೆ ಕರೆಸಿದಳು. ವಿಷಯ ಕೇಳಿದ್ದೇ ತಡ, ಪಕ್ಕೀರಪ್ಪ ತಲೆ ಮೇಲೆ ಕೈ ಹೊತ್ತ. "ಅಯ್ಯೋ ದೇವುಡಾ! ಕಚೇರ್‍ಯಾಗ ನಿಂತು ಆರು ಅನ್ನದು, ಆಪರೇಷನ್ನಿಗೆ ಹೆಸರು ಕೊಡದು, ಎಲ್ಲಾ ಒಂದಽ ಅಲ್ಲೇನವ್ವ?"

ಉಳಿದವರು ನೆಲ ನೋಡಿದರು. ಹಾಲಸಿದ್ದಪ್ಪ ಕಂಬದ ಮರೆಯಲ್ಲಿ ಉಗುರು ಕಡಿಯುತ್ತಿದ್ದ. ಕೊಟ್ರಬಸಮ್ಮ ಅವನ ಕಡೆ ತಿರುಗಿದಳು.

"ನೀ ಏನಂತೀಲೇ?"

"ನಾ ಬರಾಂಗಿಲ್ಲವ್ವ."

"ಹಡದಾಕಿ ಹಡದಾಳ. ಹೆಸರು ಹೇಳಾಕ ನಿನಗೇನು ಬ್ಯಾನಿ?"

ಅವನು ಕೆಟ್ಟವನಲ್ಲ, ಅಂಜುಬುರುಕ. ಹುಟ್ಟಿದಾಗಿನಿಂದ ತಾಯಿಗೆ ಅಂಜಿ ಅಂಜಿ, ಅವನಿಗೆ ಅದು ಅಭ್ಯಾಸವಾಗಿಬಿಟ್ಟಿತ್ತು. ಇದನ್ನು ಕೊಟ್ರಬಸಮ್ಮನ ಮುಂದೆ ಹೇಳುವ ಧೈರ್ಯ ಓಣಿಯಲ್ಲಿ ಯಾರಿಗೂ ಇರಲಿಲ್ಲ, ಹಾಗಾಗಿ ನಾನೇ ಹೇಳುತ್ತಿದ್ದೇನೆ.

ಸರಿ, ಗಂಡಸರನ್ನು ನಂಬಿ ಫಲವಿಲ್ಲ ಎಂದು ಮುದುಕಿ ಬೇರೆ ಉಪಾಯ ಹೂಡಿದಳು. ಶುಕ್ರವಾರ ಓಣಿಯ ಮಕ್ಕಳನ್ನೆಲ್ಲ ಎರೆದು, ತಲೆ ಬಾಚಿ, ಟಾಂಗಾದಲ್ಲಿ ಹಿಡಿದಷ್ಟು ತುಂಬಿ, ಹಿಡಿಯದಿದ್ದವನ್ನು ಅದರ ಹಿಂದೆ ಓಡಿಸಿಕೊಂಡು ನಗರಸಭೆಗೆ ದಂಡೆತ್ತಿ ಹೋದಳು. ಪಕ್ಕೀರಪ್ಪ ಕುದುರೆಗೆ ನೀರು ಕುಡಿಸಬೇಕೆಂಬ ನೆವ ಹೇಳಿ ಹೊರಗೇ ಉಳಿದ. ಸಭೆಯಲ್ಲಿ ಊರಿನ ಬೇರೆ ಬೇರೆ ಕಡೆಯ ಜನ ತುಂಬಿದ್ದರು. ತನ್ನ ಅಂಗಡಿಯ ಮೇಲೆ ರಸ್ತೆ ಬಂತು ಎನ್ನುವವನೊಬ್ಬ, ತನ್ನ ಹೊಲದ ಮೇಲೆ ರಸ್ತೆ ಯಾಕೆ ಬರಲಿಲ್ಲ ಎನ್ನುವವನೊಬ್ಬ.

ಗಾಣದ ಓಣಿಯ ಸರದಿ ಬಂತು. ಮಕ್ಕಳು ಒಳಗೆ ನುಗ್ಗಿ ಮೇಜು, ಕುರ್ಚಿ, ಕಿಟಕಿಯ ಕಟ್ಟೆ ಎಲ್ಲವನ್ನೂ ಹಿಡಿದುಕೊಂಡರು. ಒಂದು ಮಗು ಅಧಿಕಾರಿಯ ಛತ್ರಿ ಬಿಚ್ಚಿ ಅದರಡಿ ಕೂತಿತು.

"ಇವರೆಲ್ಲ ಯಾರ ಮಕ್ಕಳು?" ಎಂದರು ಚಿದಾನಂದಪ್ಪ.

"ನನ್ನಾವು."

"ಅಷ್ಟೂ?"

"ಅಷ್ಟೂ. ಬೇಕಾದ್ರ ಆಪರೇಷನ್ ನನಗಽ ಮಾಡ್ರಿ, ನಾ ತಯಾರ್ ಅದೀನಿ."

ಸಭೆ ಬಿದ್ದು ಬಿದ್ದು ನಕ್ಕಿತು. ಚಿದಾನಂದಪ್ಪನವರಿಗೂ ನಗು ತಡೆಯಲಾಗಲಿಲ್ಲ. ಆದರೆ ನಗು ಇಳಿದ ಮೇಲೆ ಅವರು ಹೇಳಿದರು, "ತಾಯಿ, ನೀವು ಮೊದಲು ಒಂದೂ ಇಲ್ಲ ಅಂದ್ರಿ. ಈಗ ಇಷ್ಟೂ ನನ್ನದೇ ಅಂತೀರಿ. ನಾಳೆ ಯಾರಾದ್ರೂ ಇವು ಬೇರೆ ಓಣಿಯಿಂದ ತಂದ ಮಕ್ಕಳು ಅಂದ್ರೆ ನಾನೇನು ಹೇಳಲಿ? ಒಬ್ಬರಾದರೂ ತಂದೆ ಬೇಕಲ್ಲ."

"ತಂದಿ ಇಲ್ಲದ ಓಣಿ ಇರಬೇಕ್ರಿ ಅದು!" ಎಂದು ಹಿಂದಿನಿಂದ ಯಾರೋ ಕೂಗಿದರು. ಮತ್ತೆ ನಗು. ಈ ಸಲದ ನಗು ಚೆನ್ನಾಗಿರಲಿಲ್ಲ. ಕೊಟ್ರಬಸಮ್ಮನ ಮುಖ ಬಾಡಿತು.

ಅಧಿಕಾರಿ ಮುಂದೆ ನಿಂತಿದ್ದ ವಿರೂಪಿಯನ್ನು ಹತ್ತಿರ ಕರೆದು ಮೆಲ್ಲಗೆ ಕೇಳಿದರು, "ನೀನು ಹೇಳಮ್ಮ. ನಿಮ್ಮಪ್ಪ ಯಾರು?"

ಹುಡುಗಿ ಅಜ್ಜಿಯ ಮುಖ ನೋಡಿದಳು. ಅಜ್ಜಿಯ ಮುಖದಲ್ಲಿ ಏನೂ ಕಾಣಲಿಲ್ಲ. ಕಲಿಸಿದ ಪಾಠವನ್ನು ಅವಳು ಎಂದೂ ತಪ್ಪಿದವಳಲ್ಲ. ಕಣ್ಣಲ್ಲಿ ನೀರು ತುಂಬಿಕೊಂಡು, ತಪ್ಪಿಲ್ಲದೆ ಒಪ್ಪಿಸಿದಳು.

"ನನಗ ಅಪ್ಪ ಇಲ್ರಿ."

ಕಿಟಕಿಯ ಹೊರಗೆ, ಕಂದಾಯ ಕಟ್ಟಲು ಬಂದವನ ಹಾಗೆ ನಟಿಸುತ್ತಾ ಹಾಲಸಿದ್ದಪ್ಪ ಬೆಳಗಿನಿಂದ ನಿಂತಿದ್ದ. ಅಂಗಡಿಯಲ್ಲಿ ಕೂತರೆ ಕೆಲಸ ಸಾಗಿರಲಿಲ್ಲ, ಬಂದರೆ ಒಳಗೆ ಹೋಗಲು ಕಾಲು ಏಳಲಿಲ್ಲ. ಮಗಳ ಆ ಮಾತು ಅವನಿಗೆ ಕೇಳಿಸಿತು. ಜೀಪು, ಆಸ್ಪತ್ರೆ, ರೇಡಿಯೋ ಎಲ್ಲ ಒಮ್ಮೆಗೇ ಸಣ್ಣದಾದವು. ಬದುಕಿರುವಾಗಲೇ ತನ್ನ ಮಗಳ ಬಾಯಲ್ಲಿ ಸತ್ತುಹೋಗುವುದಕ್ಕಿಂತ ದೊಡ್ಡ ಆಪರೇಷನ್ ಯಾವುದಿದೆ? ಅವನು ಬಾಗಿಲು ಬಳಸಿಕೊಂಡು ಬರುವಷ್ಟೂ ತಾಳದೆ, ಕಿಟಕಿಯ ಕಟ್ಟೆ ಹತ್ತಿ ಒಳಗೆ ಧುಮುಕಿದ. ಕಟ್ಟೆಯ ಮೇಲೆ ಕೂತಿದ್ದ ಮಕ್ಕಳು ಚೆಲ್ಲಾಪಿಲ್ಲಿಯಾದವು.

"ಅದಾನ್ರಿ! ಆಕಿಗೆ ಅಪ್ಪ ಅದಾನ. ನಾನು. ಹಾಲಸಿದ್ದಪ್ಪ, ಗಾಣದ ಓಣಿ. ಈಕಿ ನನ್ನ ಹಿರೇ ಮಗಳು. ಅವನೂ ನನ್ನಾವ, ಛತ್ರಿ ಕೆಳಗ ಕುಂತಾನಲ್ಲ, ಅವನೂ. ಒಟ್ಟು ಐದು ಅದಾವ. ಏನು ಬರಕಂತೀರಿ ಬರಕಳ್ರಿ!"

ವಿರೂಪಿ ಓಡಿಬಂದು ಅವನ ಸೊಂಟ ಹಿಡಿದು ಜೋರಾಗಿ ಅತ್ತಳು. ಕೊಟ್ರಬಸಮ್ಮನಿಗೆ ಮಗನನ್ನು ಕಂಡು ಹೆಮ್ಮೆಯೂ ಆಯಿತು, ತಾನು ಮಗುವಿಗೆ ಎಂಥ ಮಾತು ಕಲಿಸಿದೆ ಎಂದು ನಾಚಿಕೆಯೂ ಆಯಿತು. ಬಾಗಿಲಿನಿಂದ ಪಕ್ಕೀರಪ್ಪ ಬಂದ. "ನನ್ನಾವು ಆರ್‍ರಿ. ಹೋದ್ರ ಇಬ್ರೂ ಕೂಡೇ ಹೋಗ್ತೀವಿ, ಟಾಂಗಾ ನಂದಽ ಐತಿ," ಎಂದ. ಅವನ ಹಿಂದೆ ಒಬ್ಬೊಬ್ಬರಾಗಿ ಓಣಿಯ ಗಂಡಸರೆಲ್ಲ ಬಂದರು. ಅವರೂ ಹೊರಗೆ ಕಂದಾಯ ಕಟ್ಟುವ ಸಾಲಿನಲ್ಲೇ ನಿಂತಿದ್ದರು.

ಸಭೆಯಲ್ಲಿ ಈಗ ಯಾರೂ ನಗಲಿಲ್ಲ. ಚಿದಾನಂದಪ್ಪ ಎದ್ದು ಹಾಲಸಿದ್ದಪ್ಪನಿಗೆ ತಮ್ಮ ಕುರ್ಚಿ ಕೊಟ್ಟರು. "ಕೂತ್ಕೊಳ್ಳಿ. ನಾನು ಆಸ್ಪತ್ರೆಯವನಲ್ಲ. ನಾನು ಬರೆಯೋದು ಶಾಲೆಗೆ, ರಸ್ತೆಗೆ, ಗಿಡಕ್ಕೆ ಅಷ್ಟೇ," ಎಂದರು. ಆಮೇಲೆ ಗೋಡೆಯ ಹತ್ತಿರ ಹೋಗಿ, ಬಯಲಿನ ಹಸಿರಿನ ಅರ್ಧಕ್ಕೆ ಗೆರೆ ಎಳೆದು ಶಾಲೆ ಎಂದು ಬರೆದರು. ಹಸಿರು ಕಡಿಮೆಯಾದದ್ದಕ್ಕೆ ಒಂದು ನಿಟ್ಟುಸಿರನ್ನೂ ಬಿಟ್ಟರು.

"ಯಾವಾಗ ಕಟ್ತೀರಿ?" ಎಂದಳು ಕೊಟ್ರಬಸಮ್ಮ.

"ಯೋಜನೆಯ ಎರಡನೇ ಹಂತದಲ್ಲಿ, ತಾಯಿ. ಎಂಬತ್ತೈದು, ಎಂಬತ್ತಾರನೇ ಇಸವಿ ಹೊತ್ತಿಗೆ."

"ಗಿಡ ಯಾವಾಗ ಹಚ್ಚತೀರಿ?"

"ಗಿಡ ಈ ವರ್ಷವೇ. ಗಿಡ ಬೆಳೆಯೋದಕ್ಕೆ ಕಾಲ ಬೇಕು ನೋಡಿ. ಈಗ ನೆಟ್ಟರೆ ಹತ್ತು ವರ್ಷಕ್ಕೆ ನೆರಳು."

"ಅಲ್ರಿ ಸಾಹೇಬ್ರ," ಎಂದಳು ಮುದುಕಿ. ಅವಳ ದನಿಯಲ್ಲಿ ಈಗ ತಮಾಷೆ ಇರಲಿಲ್ಲ. "ಗಿಡಕ್ಕ ಇವತ್ತಽ ನೀರು ಹಾಕಬೇಕು ಅಂತೀರಿ. ಈ ಹುಡಿಗಿಗೆ ಹತ್ತು ವರ್ಷ ತಡೀರಿ ಅಂತೀರಿ. ಆಕೀನೂ ಬೆಳೀತಾಳಲ್ರಿ. ಅಷ್ಟೊತ್ತಿಗೆ ಆಕಿ ಕುರುಗೋಡಿನಾಗ ಎಮ್ಮಿ ಹಿಂಡಕೋತ ಇರ್ತಾಳ."

ಚಿದಾನಂದಪ್ಪ ನಕ್ಷೆ ನೋಡಿದರು, ಹುಡುಗಿಯನ್ನು ನೋಡಿದರು. ಊರಿನ ಪ್ರತಿ ಬೇವಿನ ಸಸಿಯ ಚಿಂತೆ ಮಾಡುವ ಮನುಷ್ಯನಿಗೆ ಈ ಮಾತು ತಾಗದೆ ಇರುತ್ತದೆಯೇ? ಕೊನೆಗೆ ಹೇಳಿದರು, "ಉದ್ಯಾನದಲ್ಲಿ ವಯೋವೃದ್ಧರಿಗೆ ಒಂದು ಮಂಟಪ ಅಂತ ಇದೇ ವರ್ಷಕ್ಕೆ ಮಂಜೂರಾಗಿದೆ. ಸ್ವಲ್ಪ ದೊಡ್ಡದಾಗಿ ಕಟ್ಟಿಸ್ತೀನಿ. ಶಿಕ್ಷಣ ಇಲಾಖೆಯವರಿಗೆ ನಾನೇ ಹೋಗಿ ಹೇಳ್ತೀನಿ, ಒಬ್ಬ ಮೇಷ್ಟ್ರನ್ನ ಕೊಡ್ತಾರೆ. ವೃದ್ಧರು ತಕರಾರು ಮಾಡಬಾರದಷ್ಟೇ."

"ಯಾವ ಮುದುಕ ತಕರಾರ ಮಾಡ್ತಾನ ನಾ ನೋಡ್ತೀನಿ," ಎಂದಳು ಕೊಟ್ರಬಸಮ್ಮ.

ಆಸ್ಪತ್ರೆಯ ಜೀಪು ಗಾಣದ ಓಣಿಗೆ ಬರಲೇ ಇಲ್ಲ. ಬೇಸಿಗೆಗೆ ಚುನಾವಣೆಯಾಗಿ ಆ ಮಾತೇ ತಣ್ಣಗಾಯಿತು. ಆದರೆ ಕಿಟಕಿ ಹಾರಿದ ದಿನ ಹಾಲಸಿದ್ದಪ್ಪನಿಗೆ ಅದು ಗೊತ್ತಿರಲಿಲ್ಲ, ಇದನ್ನು ಮರೆಯಬಾರದು.

ಜೂನ್ ತಿಂಗಳಲ್ಲಿ ಮಂಟಪದಲ್ಲಿ ಐದನೆಯ ಇಯತ್ತೆ ಶುರುವಾಯಿತು. ಸುತ್ತಲಿನ ಜಾಲಿ ಕಿತ್ತು ಬೇವು, ಹೊಂಗೆ ನೆಟ್ಟಿದ್ದರು. ಇನ್ನೂ ಮೊಣಕಾಲೆತ್ತರದ ಸಸಿಗಳು, ಅವುಗಳ ನೆರಳಿನಲ್ಲಿ ಒಂದು ಇರುವೆ ಕೂಡ ಕೂರುವ ಹಾಗಿರಲಿಲ್ಲ. ಮೊದಲ ದಿನ ವಿರೂಪಿ ಹೊಸ ಪಾಟಿ ಹಿಡಿದು ಹೊಸ್ತಿಲು ದಾಟುವಾಗ ಹಾಲಸಿದ್ದಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಅಂಗಡಿಗೆ ರಜೆ ಹೇಳಿ, ಅವಳ ಕೈ ಹಿಡಿದುಕೊಂಡು ಹೊರಟ. ಮಂಟಪ ಬಾಗಿಲಿಗೇ ಕಾಣುತ್ತಿತ್ತು. ಕೊಟ್ರಬಸಮ್ಮ ಕಟ್ಟೆಯ ಮೇಲಿನಿಂದ ಕೂಗಿದಳು.

"ಲೇ, ಕೂಗಿದ್ರ ಕೇಳಷ್ಟು ದೂರ ಐತಿ ಸಾಲಿ. ಅದಕ್ಯಾಕಲೇ ಕೈ ಹಿಡ್ಕಂಡು ಹೋಗದು?"

"ಇರ್ಲಿ ಬಿಡವ್ವ," ಎಂದ ಹಾಲಸಿದ್ದಪ್ಪ, "ನಾಕು ಮಂದಿ ನೋಡ್ಲಿ."

ಅಪ್ಪ ಮಗಳು ಸೀದಾ ಶಾಲೆಗೆ ಹೋಗಲಿಲ್ಲ. ಓಣಿಯ ಆ ತುದಿಯವರೆಗೆ ನಡೆದು, ಪ್ರತಿ ಮನೆಯ ಮುಂದೆ ಹಾದು, ಒಂದು ಪೂರಾ ಸುತ್ತು ಹಾಕಿಕೊಂಡು ಹೋದರು.